ಬೆಳ್ಳಿ ಕಟ್ಟಿನ ಹಳೆಯ ಬ್ಯಾಗ್‌ಪೈಪ್

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಹೋದ ತಿಂಗಳು ಇದೇ ವೇಳೆಯಲ್ಲಿ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ವಾದನದ ಒಂದು ತುಣುಕು ಕೇಳಿಸಿದ್ದೆವು. ಮೂರೇ ನಿಮಿಷದ್ದು. ಅದಕ್ಕೆ ಬಂದ ಪತ್ರಗಳು ಮಾತ್ರ ಸಾಕಷ್ಟು. ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ನೆನಪಾಯಿತು ಎಂದು ಕೆಲವರು ಬರೆದಿದ್ದಾರೆ. 2022ರ ಸೆಪ್ಟೆಂಬರ್ 19ರಂದು ಎರಡನೆಯ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆಯನ್ನು ಟೀವಿಯಲ್ಲಿ ನೋಡಿದವರು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕೊನೆಗೆ ಒಬ್ಬನೇ ಪೈಪರ್ ನುಡಿಸಿದ್ದನ್ನು ನೆನೆಸಿಕೊಂಡಿದ್ದಾರೆ. ಇನ್ನೊಬ್ಬರು ಸ್ವಲ್ಪ ಖಾರವಾಗಿಯೇ, "ಮದುವೆ ದಿಬ್ಬಣದ ಬ್ಯಾಂಡಿನವರ ಕಂಕುಳಲ್ಲಿರುವ ಚೀಲದ ಪೀಪಿ ತಾನೆ ಅದು?" ಎಂದು ಕೇಳಿದ್ದಾರೆ. ಹೌದು ಸ್ವಾಮಿ, ಅದೇ.

ಇವೆಲ್ಲದರ ನಡುವೆ ಹಿರಿಯ ಕೇಳುಗರೊಬ್ಬರ ಕಾರ್ಡು ನನಗೆ ತುಂಬ ಹಿಡಿಸಿತು. ಮಗಳ ಮನೆಗೆಂದು ಸ್ಕಾಟ್ಲೆಂಡಿಗೆ ಹೋದಾಗ ಗಾಜಿನ ಕಪಾಟಿನಲ್ಲಿ ನೂರು ವರ್ಷಕ್ಕೂ ಹಳೆಯ ಬ್ಯಾಗ್‌ಪೈಪ್ ಒಂದನ್ನು ನೋಡಿದರಂತೆ. ಕಪ್ಪು ಮರ, ಮೈತುಂಬ ಬೆಳ್ಳಿ. ಅವರ ಪ್ರಶ್ನೆ ಒಂದೇ ಸಾಲಿನದು: "ಆ ಬೆಳ್ಳಿ ನಾದಕ್ಕೋ, ಡೌಲಿಗೋ?" ಇವತ್ತಿನ ಮಾತೆಲ್ಲ ಈ ಒಂದು ಸಾಲಿಗಾಗಿ.

ಮೊದಲು ವಾದ್ಯದ ಮೈಕಟ್ಟು ನೋಡೋಣ. ಗೇಲಿಕ್ ಭಾಷೆಯಲ್ಲಿ ಇದಕ್ಕೆ 'ಪೀಬ್ ವೋರ್' ಎಂದು ಹೆಸರು, ದೊಡ್ಡ ಪೈಪ್ ಎಂದು ಅರ್ಥ. ನಡುವೆ ಒಂದು ಚೀಲ. ಚೀಲಕ್ಕೆ ಕಟ್ಟಿದ ಐದು ಮರದ ಗೂಡುಗಳು. ಒಂದು ಗೂಡಿನಲ್ಲಿ ಊದುಕೊಳವೆ. ಇನ್ನೊಂದರಲ್ಲಿ ಬೆರಳಾಡಿಸಿ ನುಡಿಸುವ ಕೊಳಲಿನಂಥ ಚಾಂಟರ್. ಉಳಿದ ಮೂರರಲ್ಲಿ ಹೆಗಲ ಮೇಲೆ ನಿಲ್ಲುವ ಮೂರು ಡ್ರೋನ್‌ಗಳು, ಎಂದರೆ ಶ್ರುತಿ ಕೊಳವೆಗಳು. ಇವುಗಳಲ್ಲಿ ಎರಡು ಚಿಕ್ಕವು ಟೆನರ್, ಒಂದು ಉದ್ದನೆಯದು ಬಾಸ್. ಟೆನರ್ ಡ್ರೋನ್‌ಗಳು ಚಾಂಟರಿನ ಆಧಾರ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ, ಬಾಸ್ ಎರಡು ಸ್ಥಾಯಿ ಕೆಳಗೆ. ನಮ್ಮ ತಂಬೂರಿಯ ಕೆಲಸವನ್ನು ಇಲ್ಲಿ ಈ ಮೂರೂ ಸೇರಿ ಮಾಡುತ್ತವೆ. ವ್ಯತ್ಯಾಸವೆಂದರೆ ತಂಬೂರಿಯವರು ಹಿಂದೆ ಕೂತಿರುತ್ತಾರೆ, ಇಲ್ಲಿ ತಂಬೂರಿಯನ್ನು ವಾದಕನೇ ಹೊತ್ತುಕೊಂಡು ನಡೆಯಬೇಕು. ಹಾರ್ಮೋನಿಯಂ ಬರುವ ಮುಂಚೆ ನಮ್ಮ ಯಕ್ಷಗಾನ ಮೇಳಗಳಲ್ಲಿ ಶ್ರುತಿಗೆಂದು ಪುಂಗಿ ಊದುತ್ತಿದ್ದರು. ಆ ನಾದ ಕೇಳಿ ಬೆಳೆದ ಹಿರಿಯರಿಗೆ ಡ್ರೋನಿನ ಗುಂಯ್ ಸದ್ದು ಅಷ್ಟೇನೂ ಪರಕೀಯ ಅನ್ನಿಸಲಾರದು.

ಸ್ವರಗಳು ಒಂಬತ್ತೇ. ಮಂದ್ರ ನಿಷಾದದಿಂದ ಆರಂಭಿಸಿ ಷಡ್ಜ, ರಿಷಭ ಎಂದು ಏರುತ್ತಾ ತಾರ ಷಡ್ಜಕ್ಕೆ ಮುಗಿಯಿತು. ನಮ್ಮ ಲೆಕ್ಕದಲ್ಲಿ ಸ್ಥೂಲವಾಗಿ ಹೇಳುವುದಾದರೆ ಅದು ಹರಿಕಾಂಭೋಜಿಯ ಸ್ವರಗಳ ಏಣಿ. ಮುಂಬೈ, ಪುಣೆಯಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳು ಖಮಾಜ್ ಥಾಟ್ ಎನ್ನುತ್ತಾರೆ. ಆ ಏಳು ಸ್ವರಗಳಲ್ಲಿ ಐದನ್ನಷ್ಟೇ ಬಳಸಿದ ಧುನ್‌ಗಳೂ ಹಲವಿವೆ. ಅಂಥದ್ದನ್ನು ಕೇಳಿದ ನಮ್ಮ ಮನೆಯವರು "ಇದು ಮೋಹನ ಅಲ್ಲವೇನ್ರೀ?" ಎಂದಿದ್ದುಂಟು.

ಇನ್ನೊಂದು ಸಂಗತಿ. ಈ ವಾದ್ಯದಲ್ಲಿ ಮೌನವಿಲ್ಲ. ಚೀಲದಲ್ಲಿ ಗಾಳಿ ಇರುವಷ್ಟು ಹೊತ್ತೂ ಸದ್ದು ಬರುತ್ತಲೇ ಇರಬೇಕು. ಏರಿಸಿ ಇಳಿಸಿ ಮೆಲ್ಲಗೆ ನುಡಿಸುವುದೂ ಆಗದು. ಹಾಗಾದರೆ 'ಸ ಸ' ಎಂದು ಒಂದೇ ಸ್ವರವನ್ನು ಎರಡು ಸಲ ನುಡಿಸುವುದು ಹೇಗೆ? ನಡುವೆ ಕಣ್ಣೆವೆ ಮಿಟುಕಿಸುವಷ್ಟು ಹೊತ್ತು ಬೇರೊಂದು ಸ್ವರವನ್ನು ಚಿಮ್ಮಿಸಬೇಕು. ಪೈಪ್ ಸಂಗೀತದ ಅಲಂಕಾರವೆಲ್ಲ ಹುಟ್ಟಿದ್ದು ಈ ಅಡಚಣೆಯಿಂದ. ಅವರ ಶಾಸ್ತ್ರೀಯ ಸಂಗೀತಕ್ಕೆ ಪಿಬ್ರೋಕ್ ಎನ್ನುತ್ತಾರೆ. ಮೊದಲು ಒಂದು ನಿಧಾನದ ಮೂಲ ರಾಗ, ಆಮೇಲೆ ಅದರ ಮೇಲೆ ಕಟ್ಟುತ್ತಾ ಹೋಗುವ ವಿಸ್ತಾರಗಳು. ಇದನ್ನು ಹಿಂದೆ ಕಾಗದದ ಮೇಲೆ ಬರೆದು ಕಲಿಸುತ್ತಿರಲಿಲ್ಲ. ಗುರು ಬಾಯಲ್ಲಿ ಅಕ್ಷರಗಳನ್ನು ಹಾಡಿ ತೋರಿಸುತ್ತಿದ್ದ, ಶಿಷ್ಯ ಅದನ್ನು ಕೊಳವೆಯ ಮೇಲೆ ಹಿಡಿಯುತ್ತಿದ್ದ. ಮೃದಂಗದ ಸೊಲ್ಲುಕಟ್ಟು ಬಲ್ಲವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಸ್ಕೈ ದ್ವೀಪದ ಮಕ್ರಿಮನ್ ಮನೆತನದವರು ಹೀಗೆ ತಲೆಮಾರುಗಟ್ಟಲೆ ಕಲಿಸಿ ಹೆಸರಾದವರು.

ಈಗ ಬೆಳ್ಳಿಗೆ ಬರೋಣ.

ಒನಕೆಯ ತುದಿಗೆ ಹಾಕುವ ಕಬ್ಬಿಣದ ಅಣಸನ್ನು ನೆನಪಿಸಿಕೊಳ್ಳಿ. ಮರ ಸೀಳದಿರಲಿ ಎಂದು ತೊಡಿಸುವ ಬಳೆ ಅದು. ಬ್ಯಾಗ್‌ಪೈಪಿನ ಬೆಳ್ಳಿಯ ಮೂಲ ಕೆಲಸವೂ ಅದೇ. ಕೊಳವೆಯ ತುಂಡುಗಳು ಒಂದರೊಳಗೊಂದು ಕೂಡುವ ಜಾಗದಲ್ಲಿ ಮರ ತೆಳ್ಳಗಿರುತ್ತದೆ. ಒಳಗಿನಿಂದ ಉಸಿರಿನ ತೇವ, ಹೊರಗಿನಿಂದ ಒಣಗಾಳಿ. ಬಿಗಿಯಾದ ಬಳೆ ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಶ್ರುತಿ ಮಾಡುವುದಕ್ಕೆ ಡ್ರೋನಿನ ಮೇಲಿನ ತುಂಡನ್ನು ಮೇಲೆ ಕೆಳಗೆ ಸರಿಸುತ್ತಾರೆ. ಅಲ್ಲಿ ಬೆಳ್ಳಿಯ ತಗಡಿನ ಹೊದಿಕೆ ಇದ್ದರೆ ಸರಿಯುವುದು ನಯವಾಗುತ್ತದೆ. ಇಷ್ಟು ಉಪಯೋಗದ ಮಾತು. ಇದನ್ನು ಹಿತ್ತಾಳೆಯೋ ಕೊಂಬೋ ಮಾಡಿಕೊಡುತ್ತದೆ, ಮಾಡಿಕೊಟ್ಟೂ ಇದೆ.

ಬೆಳ್ಳಿಯ ಡೌಲು ಬೆಳೆದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಇದರಲ್ಲಿ ಚರಿತ್ರೆಯ ಒಂದು ವ್ಯಂಗ್ಯವಿದೆ. 1746ರಲ್ಲಿ ಹೈಲ್ಯಾಂಡ್‌ನವರ ದಂಗೆ ಮುರಿದುಬಿದ್ದ ಮೇಲೆ ಜೇಮ್ಸ್ ರೀಡ್ ಎಂಬ ಪೈಪರನನ್ನು ಯಾರ್ಕ್ ಪಟ್ಟಣದಲ್ಲಿ ಗಲ್ಲಿಗೇರಿಸಿದರು. ತಾನು ಕತ್ತಿ ಹಿಡಿದವನಲ್ಲ ಎಂದು ಅವನು ವಾದಿಸಿದ. ಪೈಪ್ ಇಲ್ಲದೆ ಹೈಲ್ಯಾಂಡ್ ಪಡೆ ಹೊರಡುವುದೇ ಇಲ್ಲ, ಆದ್ದರಿಂದ ಅದೂ ಯುದ್ಧದ ಆಯುಧವೇ ಎಂದು ನ್ಯಾಯಾಲಯ ಹೇಳಿತು. ನೂರು ವರ್ಷ ಕಳೆಯುವುದರೊಳಗೆ, 1843ರಲ್ಲಿ, ಅದೇ ಸಿಂಹಾಸನದ ವಿಕ್ಟೋರಿಯಾ ತನಗೆಂದೇ ಒಬ್ಬ ಪೈಪರನನ್ನು ನೇಮಿಸಿಕೊಂಡಳು. ರಾಣಿಗೆ ಬೇಕಾದದ್ದು ಶ್ರೀಮಂತರಿಗೂ ಬೇಕಾಯಿತು. ಜಹಗೀರಿನ ಮನೆಗಳಲ್ಲಿ, ಪಲ್ಟನ್ನುಗಳಲ್ಲಿ, ಸ್ಪರ್ಧೆಗಳ ಬಹುಮಾನಗಳಲ್ಲಿ ಬೆಳ್ಳಿ ಹೊದಿಸಿದ ಪೈಪುಗಳು ಮೆರೆದವು. ಬೆಳ್ಳಿಯ ಮೇಲೆ ಮುಳ್ಳುಗಿಡದ ಹೂವು, ಹೆಣೆದುಕೊಂಡ ಬಳ್ಳಿಯ ಚಿತ್ತಾರ, ನಡುವೆ ಪಡೆದವರ ಹೆಸರು. ಎಡಿನ್‌ಬರೋದ ಗ್ಲೆನ್ ಮನೆತನ, ಪರ್ತ್‌ಶೈರಿನ ಮ್ಯಾಕ್‌ಡೂಗಲ್ ಮನೆತನ, ಗ್ಲಾಸ್ಗೋದ ಪೀಟರ್ ಹೆಂಡರ್ಸನ್, ಆರ್. ಜಿ. ಲಾರಿ ಇವರ ಅಂಗಡಿಗಳ ಹೆಸರು ಹೇಳಿದರೆ ಇವತ್ತಿಗೂ ಪೈಪರುಗಳ ಕಿವಿ ನೆಟ್ಟಗಾಗುತ್ತದೆ.

ಇಂಥ ಒಂದು ಸೆಟ್ ನಿಮ್ಮ ಕೈಗೆ ಬಂತು ಎಂದಿಟ್ಟುಕೊಳ್ಳಿ. ಅದನ್ನು ಓದುವುದು ಹೇಗೆ? ಓದುವುದು ಎಂದೇ ಹೇಳುತ್ತಿದ್ದೇನೆ. ಶಾಸನ ಓದಿದ ಹಾಗೆಯೇ ಇದು. ಕನ್ನಡ ಬಿ.ಎ. ಮಾಡಿದವಳಿಗೆ ಅದರ ಚಟ ಸ್ವಲ್ಪ ಇದ್ದೇ ಇರುತ್ತದೆ.

ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರಿಂದ, ಅದೂ ಹಂತಹಂತವಾಗಿ. ಇಂಗ್ಲೆಂಡಿನಲ್ಲಿ ಬೆಳ್ಳಿಗೆ ಮುದ್ರೆ ಒತ್ತುವ ಕಾನೂನು ಬಂದದ್ದು 1300ರಲ್ಲಿ. ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಇದ್ದರೆ ಸ್ಟರ್ಲಿಂಗ್. ಭೂತಗನ್ನಡಿ ಹಿಡಿದು ನೋಡಿದರೆ ಬಳೆಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮುದ್ರೆಗಳ ಸಾಲು ಕಾಣುತ್ತದೆ. ಮೂರು ಗೋಪುರದ ಕೋಟೆ ಇದ್ದರೆ ಬೆಳ್ಳಿಯನ್ನು ಪರೀಕ್ಷಿಸಿದ್ದು ಎಡಿನ್‌ಬರೋದಲ್ಲಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಚಿರತೆಯ ಮುಖ ಇದ್ದರೆ ಲಂಡನ್. ರಾಣಿಯ ಅಥವಾ ರಾಜನ ತಲೆಯ ಮುದ್ರೆ ಇದೆಯೇ? ಹಾಗಿದ್ದರೆ ಅದು ಸಾಮಾನ್ಯವಾಗಿ ಸುಂಕ ಕಟ್ಟಿದ ಗುರುತು. 1784ರಿಂದ 1890ರವರೆಗೆ ಮಾತ್ರ ಒತ್ತುತ್ತಿದ್ದರು, ಆದ್ದರಿಂದ ಸುಂಕದ ಗುರುತಿರುವ ಬೆಳ್ಳಿ ಅದಕ್ಕಿಂತ ಈಚಿನದಲ್ಲ. ಇವುಗಳ ಜೊತೆಗೆ ಒಂದು ಅಕ್ಷರ. ವರ್ಷಕ್ಕೊಂದು ಅಕ್ಷರ ಬದಲಾಗುತ್ತದೆ, ಸುತ್ತು ಮುಗಿದ ಮೇಲೆ ಅಕ್ಷರದ ಆಕಾರವೋ ಚೌಕಟ್ಟೋ ಬದಲಾಗುತ್ತದೆ. ಪಟ್ಟಿ ಎದುರಿಗಿಟ್ಟುಕೊಂಡರೆ ಬೆಳ್ಳಿಯ ಇಸವಿ ಸಿಕ್ಕಿತು.

ಗ್ಲಾಸ್ಗೋದ ಮುದ್ರೆಯ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮರ, ಹಕ್ಕಿ, ಗಂಟೆ, ಮೀನು ಈ ನಾಲ್ಕೂ ಇರುವ ಮುದ್ರೆ ಅದು. ಮೀನಿನ ಬಾಯಲ್ಲಿ ಉಂಗುರ. ಅಲ್ಲಿನ ದಂತಕಥೆಯಲ್ಲಿ ರಾಜನೊಬ್ಬ ರಾಣಿಗೆ ಉಂಗುರ ಕೊಟ್ಟಿರುತ್ತಾನೆ. ಅವಳು ಅದನ್ನು ಬೇರೊಬ್ಬನಿಗೆ ಕೊಡುತ್ತಾಳೆ. ಅವನು ಮಲಗಿದ್ದಾಗ ರಾಜ ಆ ಉಂಗುರವನ್ನು ಕಳಚಿ ಕ್ಲೈಡ್ ನದಿಗೆ ಎಸೆದು, ಎಲ್ಲಿ ನನ್ನ ಉಂಗುರ ಎಂದು ರಾಣಿಯನ್ನು ಕೇಳುತ್ತಾನೆ. ರಾಣಿ ಸಂತ ಮಂಗೋನ ಮೊರೆ ಹೋಗುತ್ತಾಳೆ. ಹಿಡಿದು ತಂದ ಮೀನಿನಲ್ಲಿ ಉಂಗುರ ಸಿಗುತ್ತದೆ. ಶಾಕುಂತಲ ಓದಿದ ನಮಗೆ ಉಂಗುರ ನುಂಗಿದ ಮೀನು ಹೊಸದಲ್ಲ. ಅಲ್ಲಿ ಕಳೆದುಕೊಂಡವಳು ನಿರಪರಾಧಿ, ಇಲ್ಲಿ ಹಾಗಲ್ಲ, ಅಷ್ಟೇ! ಗ್ಲಾಸ್ಗೋದ ಆ ಪರೀಕ್ಷಾ ಕಚೇರಿ 1964ರಲ್ಲಿ ಮುಚ್ಚಿತು. ಹಾಗಾಗಿ ಮೀನಿನ ಮುದ್ರೆ ಇರುವ ಬೆಳ್ಳಿ ಅದಕ್ಕೂ ಹಿಂದಿನದು.

ಆದರೆ ಒಂದು ಎಚ್ಚರಿಕೆ. ಬೆಳ್ಳಿ ಹೇಳುವುದು ಬೆಳ್ಳಿಯ ವಯಸ್ಸನ್ನು. ಮರದ ವಯಸ್ಸು ಬೇರೆ ಇರಬಹುದು. ಅಜ್ಜನ ಸಾದಾ ಪೈಪಿಗೆ ಮೊಮ್ಮಗ ಕೈಯಲ್ಲಿ ಕಾಸಾದಾಗ ಬೆಳ್ಳಿ ಕಟ್ಟಿಸಿರಬಹುದು. ಒಂದು ಬಳೆ ಕಳೆದು ಬೇರೆ ಮಾಡಿಸಿದ್ದರೆ ಅದರ ಮೇಲೆ ಬೇರೆ ಅಕ್ಷರವಿರುತ್ತದೆ. ಅದಕ್ಕೇ ಬಲ್ಲವರು ಒಂದು ತುಂಡು ನೋಡಿ ತೀರ್ಮಾನ ಹೇಳುವುದಿಲ್ಲ. ಮರದ ಮೇಲೆ ಲೇತಿನಲ್ಲಿ ಕಡೆದ ಸಣ್ಣ ಗೆರೆಗಳ ಗುಂಪು, ನಡುವಿನ ಗುಂಡು ಉಬ್ಬು, ತುದಿಯ ಗಂಟೆಯಾಕಾರ ಎಲ್ಲವನ್ನೂ ಹೋಲಿಸುತ್ತಾರೆ. ಕಡೆಯುವವನ ಕೈ ನಮ್ಮ ಚನ್ನಪಟ್ಟಣದವರ ಕೈಯ ಹಾಗೆ, ಮನೆಮನೆಗೂ ಬೇರೆ. ಇನ್ನು ಹೊಳಪು ನೋಡಿ ಮೋಸಹೋಗುವುದೂ ಉಂಟು. ಜರ್ಮನ್ ಸಿಲ್ವರ್ ಹೊದಿಸಿದ ಪೈಪುಗಳೂ ಬೇಕಾದಷ್ಟಿವೆ. ಈಗ ನಮ್ಮ ಮದುವೆ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಕೊಡುವ ಕುಂಕುಮದ ಬಟ್ಟಲು ಇದೆಯಲ್ಲ, ಆ ಲೋಹ. ತಾಮ್ರ, ಸತು, ನಿಕ್ಕಲ್ ಸೇರಿದ್ದು, ಬೆಳ್ಳಿಯ ಅಂಶ ಸೊನ್ನೆ.

ಇಷ್ಟೆಲ್ಲ ಓದಿದ ಮೇಲೂ ಪೈಪಿನ ಬೆಲೆಯನ್ನು ಹೇಳುವುದು ಬೆಳ್ಳಿಯಲ್ಲ. ನಾದ ಇರುವುದು ಕೊಳವೆಯ ಒಳಗಿನ ರಂಧ್ರದಲ್ಲಿ. ಹೊರಗಿಂದ ಕಾಣದ ಆ ರಂಧ್ರ ಎಲ್ಲಿ ಅಗಲ, ಎಲ್ಲಿ ಕಿರಿದು, ಎಷ್ಟು ನಯ ಎಂಬುದೇ ಹೆಂಡರ್ಸನ್ ಡ್ರೋನಿಗೂ ಮ್ಯಾಕ್‌ಡೂಗಲ್ ಡ್ರೋನಿಗೂ ಇರುವ ಅಂತರ. ಹೆಂಡರ್ಸನ್ನಿನ ಹಳೆಯ ಅಳತೆಗಳನ್ನೇ ಇಂದಿನ ಅನೇಕ ತಯಾರಕರು ನಕಲು ಮಾಡುತ್ತಾರೆ. ಬೆಳ್ಳಿಯನ್ನೆಲ್ಲ ಕಳಚಿ ಹಿತ್ತಾಳೆ ಹಾಕಿದರೆ ಕೇಳುವವರಿಗೆ ವ್ಯತ್ಯಾಸ ತಿಳಿಯಲಾರದು ಎಂದೇ ನನ್ನ ಅಭಿಪ್ರಾಯ. ರಂಧ್ರದಲ್ಲಿ ಒಂದು ಬಿರುಕು ಬಿದ್ದರೆ ಮೊದಲ ಸ್ವರಕ್ಕೇ ತಿಳಿಯುತ್ತದೆ. ಹಾಗಾಗಿ ಕಾರ್ಡು ಬರೆದ ಹಿರಿಯರಿಗೆ ನನ್ನ ಉತ್ತರ: ಒಂದು ಪಾಲು ಮರದ ರಕ್ಷಣೆಗೆ, ಮೂರು ಪಾಲು ಡೌಲಿಗೆ. ಆದರೆ ಆ ಡೌಲೇ ಇಂದು ಸಾಕ್ಷಿ ಹೇಳುತ್ತಿದೆ. ಯಾವ ವರ್ಷ, ಯಾರಿಗೆ ಕೊಟ್ಟರು ಎಂಬುದು ಮರದಲ್ಲಿ ಬರೆದಿರುವುದಿಲ್ಲ.

ಮರದ ಬಗ್ಗೆಯೂ ಎರಡು ಮಾತು. ಆ ಕಪ್ಪು ಮರ ಸ್ಕಾಟ್ಲೆಂಡಿನದಲ್ಲ. ಮೊದಮೊದಲು ಕೆರಿಬಿಯನ್ ದ್ವೀಪಗಳ ಕೋಕಸ್, ಕರಿಮರ ಎಬನಿ, ಆಮೇಲೆ ಪೂರ್ವ ಆಫ್ರಿಕದ ಬ್ಲ್ಯಾಕ್‌ವುಡ್. ತಾಂಜಾನಿಯಾದವರು ಅದಕ್ಕೆ ಎಂಪಿಂಗೊ ಎನ್ನುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಮಲೆನಾಡಿನ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯಾ ಕುಲದವು. ಅಜ್ಜಿಮನೆಯ ಬೀಟೆಯ ಮಂಚದ ಭಾರ ಬಲ್ಲವರಿಗೆ ಈ ಪೈಪಿನ ಭಾರ ಊಹೆಗೆ ನಿಲುಕೀತು, ಅದರ ಮೇಲೆ ಬೆಳ್ಳಿ ಬೇರೆ. 2017ರ ಜನವರಿಯಿಂದ ಈ ಇಡೀ ಕುಲದ ಮರಕ್ಕೆ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪರವಾನಗಿ ಬೇಕಾಯಿತು. ವಾದ್ಯಗಾರರೆಲ್ಲ ಕಂಗಾಲಾದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಅದಕ್ಕಿಂತ ಕಠಿಣ ಪ್ರಶ್ನೆ ದಂತದ್ದು. ಹಳೆಯ ಸೆಟ್‌ಗಳಲ್ಲಿ ಬೆಳ್ಳಿಯ ಪಕ್ಕದಲ್ಲೇ ಆನೆದಂತದ ಬಿಲ್ಲೆಗಳಿರುವುದು ಸಾಮಾನ್ಯ. ನಮ್ಮ ಹಳೆಯ ವೀಣೆಗಳ ಮೇಲೂ ದಂತದ ಕೆಲಸ ಇರುತ್ತಿತ್ತಲ್ಲ, ಹಾಗೆ. 1989ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ತೀರ್ಮಾನವಾಯಿತು. 2014ರಲ್ಲಿ ಕೆನಡಾದ ಸ್ಪರ್ಧೆಯಿಂದ ಹಿಂದಿರುಗುತ್ತಿದ್ದ ಇಬ್ಬರು ಅಮೆರಿಕದ ಹುಡುಗರ ಪೈಪುಗಳನ್ನು ಗಡಿಯಲ್ಲಿ ದಂತದ ಕಾರಣಕ್ಕೆ ವಶಪಡಿಸಿಕೊಂಡರು, ಆಮೇಲೆ ಹಿಂದಿರುಗಿಸಿದರು. ಬ್ರಿಟನ್ನಿನ 2018ರ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ 1975ಕ್ಕಿಂತ ಹಿಂದಿನ ವಾದ್ಯದಲ್ಲಿ ದಂತದ ಪಾಲು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ನೋಂದಾಯಿಸಿ ಮಾರಬಹುದು. ಇದು ಸರಿಯಾದ ನಡುದಾರಿ ಅನ್ನಿಸುತ್ತದೆ ನನಗೆ. ನೂರು ವರ್ಷದ ಹಿಂದೆ ಸತ್ತ ಆನೆಗಾಗಿ ವಾದ್ಯವನ್ನು ಮೂಕವಾಗಿಸಿ ಫಲವಿಲ್ಲ. ಹಾಗೆಂದು ಹೊಸ ಬಿಲ್ಲೆಗೆ ಹೊಸ ಆನೆ ಬೀಳಬಾರದು.

ಹಳೆಯ ಪೈಪನ್ನು ನುಡಿಸುವುದೋ, ಕಪಾಟಿನಲ್ಲಿಡುವುದೋ? ಇದೇ ನಿಜವಾದ ಕಷ್ಟ. ನುಡಿಸಿದರೆ ಉಸಿರಿನ ತೇವ ಒಳಸೇರುತ್ತದೆ, ಒಣಗಿದ ಮರ ದಿಢೀರನೆ ಉಬ್ಬಿ ಸೀಳಬಹುದು. ನುಡಿಸದೆ ಬಿಟ್ಟರೆ ಚೀಲ ಒಣಗುತ್ತದೆ, ಸಂದುಗಳಿಗೆ ಸುತ್ತಿದ ದಾರ ಸಡಿಲವಾಗುತ್ತದೆ, ಕೊನೆಗೆ ಅದು ತೂಕಕ್ಕೆ ಮಾರುವ ಬೆಳ್ಳಿಯಾಗುತ್ತದೆ. ಬಲ್ಲವರು ದಿನಕ್ಕೆ ಕೆಲವೇ ನಿಮಿಷ ನುಡಿಸಿ, ಒರೆಸಿ, ವಾರಗಟ್ಟಲೆ ಹಾಗೆ ಮರವನ್ನು ಪಳಗಿಸುತ್ತಾರೆ. ಚಾಂಟರ್ ಮಾತ್ರ ಹಳೆಯದು ಕೆಲಸಕ್ಕೆ ಬರುವುದು ಅಪರೂಪ. ಕಳೆದ ನೂರು ವರ್ಷದಲ್ಲಿ ಪೈಪ್ ಬ್ಯಾಂಡುಗಳ ಶ್ರುತಿ ಏರುತ್ತಲೇ ಬಂದಿದೆ, ಹಳೆಯ ಚಾಂಟರ್ ಅವರ ಜೊತೆ ಸೇರುವುದಿಲ್ಲ. ಆದ್ದರಿಂದ ಹಳೆಯ ಡ್ರೋನು, ಹೊಸ ಚಾಂಟರು ಎಂಬ ಕೂಡಿಕೆಯೇ ಹೆಚ್ಚು. ಹಳೆಯ ಚಾಂಟರನ್ನು ಬಿಸಾಡಬೇಡಿ ಎನ್ನುವವರ ಪಕ್ಷ ನನ್ನದು. ತಯಾರಕನ ಹೆಸರು ಒತ್ತಿರುವುದು ಸಾಮಾನ್ಯವಾಗಿ ಅದರ ಮೇಲೆಯೇ.

ಕೊನೆಯದಾಗಿ ಒಂದು ಪೈಪಿನ ಕಥೆ. ಜೇಮ್ಸ್ ರಿಚರ್ಡ್‌ಸನ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದ ಸೈನ್ಯ ಸೇರಿದ ಹುಡುಗ. 1916ರ ಅಕ್ಟೋಬರ್ 8ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅವನ ತುಕಡಿ ಮುಳ್ಳುತಂತಿಯ ಬೇಲಿಯ ಎದುರು ಗುಂಡಿನ ಮಳೆಗೆ ಸಿಕ್ಕಿ ನಿಂತುಬಿಟ್ಟಿತು. ಈ ಹುಡುಗ ಬೇಲಿಯ ಮುಂದೆ ಅತ್ತಿಂದಿತ್ತ ನಡೆಯುತ್ತಾ ಪೈಪ್ ನುಡಿಸಿದ. ಸೈನಿಕರು ಎದ್ದು ಮುನ್ನುಗ್ಗಿದರು. ಆಮೇಲೆ ಗಾಯಾಳುವೊಬ್ಬನನ್ನು ಹಿಂದಕ್ಕೆ ಕರೆತರುವಾಗ, ಪೈಪ್ ಬಿಟ್ಟು ಬಂದದ್ದು ನೆನಪಾಯಿತು. ಬೇಡವೆಂದರೂ ಕೇಳದೆ ತರಲು ಹೋದ. ಮತ್ತೆ ಅವನನ್ನು ಯಾರೂ ನೋಡಲಿಲ್ಲ. ವಯಸ್ಸು ಇಪ್ಪತ್ತು. ವಿಕ್ಟೋರಿಯಾ ಕ್ರಾಸ್ ಪದಕ ಬಂದದ್ದು ಮರಣಾನಂತರ.

ಪೈಪ್ ಮಣ್ಣಿನಲ್ಲಿ ಹೋಯಿತೆಂದೇ ಎಲ್ಲರೂ ತಿಳಿದಿದ್ದರು. 1917ರಲ್ಲಿ ಸೈನ್ಯದ ಪಾದ್ರಿಯೊಬ್ಬರಿಗೆ ಮುರಿದ, ಕೆಸರು ಮೆತ್ತಿದ ಪೈಪೊಂದು ಸಿಕ್ಕಿತ್ತು. ಯುದ್ಧ ಮುಗಿದ ಮೇಲೆ ಅವರು ಅದನ್ನು ಸ್ಕಾಟ್ಲೆಂಡಿನ ಕ್ರೀಫ್‌ನಲ್ಲಿ ತಾವು ಪಾಠ ಹೇಳುತ್ತಿದ್ದ ಶಾಲೆಗೆ ತಂದಿಟ್ಟರು. ಯಾರದೆಂದು ತಿಳಿಯದೆ ದಶಕಗಟ್ಟಲೆ ಅದು ಅಲ್ಲೇ ಇತ್ತು. 2002ರ ಹೊತ್ತಿಗೆ ಅದರ ವಿಷಯ ಕೆನಡಾದ ಒಬ್ಬ ಪೈಪ್ ಮೇಜರ್ ಕಣ್ಣಿಗೆ ಬಿತ್ತು. ಬೆಳ್ಳಿಯ ಮುದ್ರೆಯಾಗಲಿ, ಕೊರೆದ ಹೆಸರಾಗಲಿ ಅಲ್ಲಿ ನೆರವಿಗೆ ಬರಲಿಲ್ಲ. ದಾರಿ ತೋರಿಸಿದ್ದು ಚೀಲಕ್ಕೆ ಹೊದಿಸಿದ್ದ ಲೆನಕ್ಸ್ ಎಂಬ ಚೌಕುಳಿ ಬಟ್ಟೆ. ರಿಚರ್ಡ್‌ಸನ್‌ನ ತುಕಡಿಯ ಪೈಪರುಗಳು ಬಳಸುತ್ತಿದ್ದದ್ದು ಅದೇ. 2006ರಲ್ಲಿ ಪೈಪ್ ಕೆನಡಾಕ್ಕೆ ಹೋಯಿತು. ಬ್ರಿಟಿಷ್ ಕೊಲಂಬಿಯಾದ ರಾಜಧಾನಿ ವಿಕ್ಟೋರಿಯಾದ ಶಾಸನಸಭೆಯ ಕಟ್ಟಡದಲ್ಲಿ ಅದನ್ನು ಇರಿಸಿದರು.

ಈಗ ನಿಮಗಾಗಿ ಒಂದು ಪಿಬ್ರೋಕ್, ಒಬ್ಬನೇ ವಾದಕ ನುಡಿಸಿದ್ದು. ಆರಂಭದಲ್ಲಿ ಡ್ರೋನ್‌ಗಳು ಒಂದಕ್ಕೊಂದು ತಾಗುತ್ತಾ ಅಲೆ ಅಲೆಯಾಗಿ ನಡುಗುವುದು ಕೇಳುತ್ತದೆ. ರೇಡಿಯೋ ಕೆಟ್ಟಿದೆ ಎಂದು ಸ್ಟೇಷನ್ ತಿರುಗಿಸಬೇಡಿ, ಅವನು ಶ್ರುತಿ ಮಾಡುತ್ತಿದ್ದಾನೆ. ಆ ನಡುಕ ನಿಂತು ಮೂರು ಕೊಳವೆಗಳೂ ಒಂದೇ ದನಿಯಾಗುವ ಕ್ಷಣವನ್ನು ಹಿಡಿಯಿರಿ. ಚಾಂಟರ್ ಹಾಡು ಶುರುವಾಗುವುದು ಆಮೇಲೆ.